ಮೀನು ಬಿಟ್ಟ ಮಾಸ್ತರು

ಸಂತಾಪ ಸಭೆಯಲ್ಲಿ ನಮ್ಮ ಹೆಡ್‌ಮಾಸ್ತರರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ತೀರಿಕೊಂಡವರು ಊಟ ತಿಂಡಿಯಲ್ಲಿ ಮಹಾ ಸಂಯಮಿಯಾಗಿದ್ದರು ಎಂದರು. ಮೀನುಗಾರರ ಮನೆಯಲ್ಲಿ ಹುಟ್ಟಿಯೂ ಮೀನು ಬಿಟ್ಟವರು, ಮೂರು ವರ್ಷ ಬರೀ ಗಂಜಿಯ ಮೇಲೆ ಇದ್ದವರು, ಇಂಥ ನಿಗ್ರಹ ನಮಗೆಲ್ಲ ಮಾದರಿ ಎಂದರು. ಆಮೇಲೆ ದನಿ ತಗ್ಗಿಸಿ, ಕೊನೆಕೊನೆಗೆ ಮಾತ್ರ ಅದೇಕೋ ನಾಲಿಗೆ ಸೋತಿತು, ಮತ್ತೆ ಮೀನು ಹಿಡಿದರು, ಆಗಬಾರದ್ದು ಆಯಿತು ಎಂದು ಸೇರಿಸಿದರು. ಸಭೆ ತಲೆದೂಗಿತು. ನಾನು ಎದ್ದು ಹೊರಗೆ ಬಂದೆ. ಪಾಪ, ಅಕ್ಕೋರಿಗೆ ದುಃಖ ತಡೆಯಲಿಕ್ಕಾಗಲಿಲ್ಲ ಎಂದು ಹಿಂದಿನಿಂದ ಯಾರೋ ಅಂದದ್ದು ಕೇಳಿಸಿತು. ದುಃಖ ಅಲ್ಲ ಮಾರಾಯರೆ, ಮೈ ಉರಿದುಹೋಗಿತ್ತು.

ಅವರು ನಮ್ಮ ಹೈಸ್ಕೂಲಿನ ಪಿ.ಟಿ. ಮಾಸ್ತರು. ನಾನು ಗಣಿತ ಕಲಿಸುವ ಅಕ್ಕೋರು. ಕಾರವಾರಕ್ಕೂ ಅಂಕೋಲೆಗೂ ನಡುವೆ ಹೆದ್ದಾರಿಯ ಪಕ್ಕದ ಶಾಲೆ ನಮ್ಮದು. ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ಸಮುದ್ರ. ಸ್ಟಾಫ್‌ರೂಮಿನಲ್ಲಿ ನಮ್ಮಿಬ್ಬರದ್ದು ಅಕ್ಕಪಕ್ಕದ ಕುರ್ಚಿ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಆ ಹೆಸರಿನ ಮೇಲೆ ಇನ್ನೊಂದು ಭಾಷಣ ಆದೀತು ಎಂಬ ಹೆದರಿಕೆ ನನಗೆ.

ಎತ್ತರದ ಆಳು, ಕಪ್ಪು ಮೈ, ಕೊರಳಲ್ಲಿ ಕೆಂಪು ದಾರಕ್ಕೆ ಕಟ್ಟಿದ ಸೀಟಿ. ಅವರ ಪಾದ ಎಷ್ಟು ಅಗಲ ಇತ್ತೆಂದರೆ ಅಂಕೋಲೆಯ ಯಾವ ಅಂಗಡಿಯ ಬೂಟೂ ಹೊಂದುತ್ತಿರಲಿಲ್ಲ. ಮಕ್ಕಳನ್ನು ಸಮುದ್ರದಂಡೆಯ ಹೊಯಿಗೆಯ ಮೇಲೆ ಓಡಿಸುವಾಗ ತಾವೂ ಬರಿಗಾಲಿನಲ್ಲೇ ಓಡುತ್ತಿದ್ದರು. ಇನ್‌ಸ್ಪೆಕ್ಟರು ಬಂದಾಗ ಬೂಟು ಎಲ್ಲಿ ಎಂದು ಕೇಳಿದರೆ, ದೇವರು ಕೊಟ್ಟದ್ದು ಇನ್ನೂ ಹರಿಯಲಿಲ್ಲ ಸರ್ ಎಂದು ಕಾಲೆತ್ತಿ ತೋರಿಸಿದವರು. ಆ ಕಾಲಿನ ಕಥೆಯನ್ನೇ ನಾನು ಹೇಳಬೇಕಾಗಿರುವುದು.

ಬೆಳಿಗ್ಗೆ ಮಕ್ಕಳು ಸಾಲಾಗಿ ನಿಂತ ಮೇಲೆ ಅವರು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತ ಒಬ್ಬೊಬ್ಬರನ್ನೂ ಕೇಳುತ್ತಿದ್ದರು: "ಎಂತ ತಿಂದ್ಕಂಡು ಬಂದಿ?" ಎಲ್ಲರಿಗೂ ಅದೇ ಪ್ರಶ್ನೆ. ತಂಗಳನ್ನ ಮೊಸರು ಅಂದವರು ಓಡಬೇಕು, ದೋಸೆ ಅಂದವರು ಓಡಬೇಕು, ಬರೀ ಚಾ ಅಂದವರಿಗೆ ಆ ದಿನ ಡ್ರಿಲ್ಲು ಇಲ್ಲ. ಮರದ ನೆರಳಲ್ಲಿ ಕೂರಿಸಿ ಬಾಳೆಹಣ್ಣೋ ಕಲಸಿದ ಅವಲಕ್ಕಿಯೋ ಕೊಡುತ್ತಿದ್ದರು. ಡ್ರಿಲ್ಲು ತಪ್ಪಿಸಿಕೊಳ್ಳಲಿಕ್ಕೆ ದಿನಾ ಚಾ ಅಂತ ಸುಳ್ಳು ಹೇಳುವವರೂ ಇದ್ದರು. ಅವರ ಬಾಯಿ ಮೂಸಿ, ತಾರ್ಲೆ ಮೀನಿನ ಸಾರು ಉಂಡು ಬಂದು ನನಗೆ ಚಾ ಹೇಳ್ತೀಯಾ ಎಂದು ಕಿವಿ ಹಿಂಡಿ ಓಡಿಸುತ್ತಿದ್ದರು. ಹೊಟ್ಟೆಗೆ ಏನು ಹೋಗಿದೆ ಅಂತ ಗೊತ್ತಿಲ್ಲದೆ ಮೈಗೆ ಕೆಲಸ ಹೇಳಬಾರದು ಎಂಬುದು ಅವರ ಮಾತು. ನಾವು ನಗುತ್ತಿದ್ದೆವು.

ಮಧ್ಯಾಹ್ನ ಅವರ ಡಬ್ಬಿ ತೆರೆದರೆ ಸ್ಟಾಫ್‌ರೂಮು ಎರಡು ಪಾಲಾಗುತ್ತಿತ್ತು. ಕೆಂಪು ಕುಚ್ಚಲಕ್ಕಿ ಅನ್ನ, ಬಂಗುಡೆಯದೋ ತಾರ್ಲೆಯದೋ ಸಾರು, ಒಂದಿಷ್ಟು ಹರಿವೆ ಸೊಪ್ಪಿನ ಪಲ್ಯ. ನನ್ನದು ಮೀನು ತಿನ್ನುವ ಕೊಂಕಣಿ ಮನೆ, ನಾನು ಡಬ್ಬಿಯ ಮುಚ್ಚಳ ಹಿಡಿದು ಕಾದಿರುತ್ತಿದ್ದೆ. ಘಟ್ಟದ ಕಡೆಯ ತೋಟದ ಮನೆಯಿಂದ ಬಂದ ಸಂಸ್ಕೃತ ಮಾಸ್ತರು ಮಾತ್ರ ಕುರ್ಚಿ ಎತ್ತಿಕೊಂಡು ಕಿಟಕಿ ಹತ್ತಿರ ಹೋಗುತ್ತಿದ್ದರು. ಪಿ.ಟಿ. ಮಾಸ್ತರು ಅದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. ಉಣ್ಣುವಾಗ ಅವರ ಗಮನ ಬೇರೆ ಕಡೆಗೆ ಹೋಗುತ್ತಿರಲಿಲ್ಲ. ಬಂಗುಡೆಯನ್ನು ಬಾಲದಿಂದ ಬಿಡಿಸಿದರೆ ನಡುಮುಳ್ಳು ಬಾಚಣಿಗೆಯ ಹಾಗೆ ಇಡಿಯಾಗಿ ಡಬ್ಬಿಯ ಅಂಚಿಗೆ ಬರುತ್ತಿತ್ತು.

ಅವರ ಮನೆ ಅರ್ಗಾದಲ್ಲಿತ್ತು. ಇತ್ತು ಅಂದರೆ, ನೌಕಾನೆಲೆ ಬರುವ ತನಕ. ಅಂಗಳ ಇಳಿದರೆ ಸಮುದ್ರ, ಹಿತ್ತಲ ಆಚೆ ಸ್ವಲ್ಪ ಗದ್ದೆ. ಬೆಳಕು ಹರಿಯುವಾಗ ಊರವರ ಜೊತೆ ದಡದಲ್ಲಿ ನಿಂತು ಬಲೆಯ ಹಗ್ಗ ಎಳೆದು, ಪಾಲಿಗೆ ಬಂದ ಮೀನನ್ನು ಮನೆಗೆ ಕೊಟ್ಟು, ಮಿಂದು, ಸೈಕಲ್ ತುಳಿದುಕೊಂಡು ಶಾಲೆಗೆ ಬರುವವರು. ಜಾಗ ಹೋಯಿತು. ಗುಡ್ಡ ಸವರಿ ಮಾಡಿದ ಕಾಲನಿಯಲ್ಲಿ ಕೆಂಪು ಮಣ್ಣಿನ ಮೇಲೆ ಮನೆ ಕೊಟ್ಟರು. ಬಲೆ ಎಳೆಯುವುದು ನಿಂತಿತು, ಗದ್ದೆ ಇಲ್ಲವಾಯಿತು, ಸೈಕಲ್ಲಿನ ಜಾಗಕ್ಕೆ ಬೈಕು ಬಂತು. ಅಂಗಳಕ್ಕೆ ಬರುತ್ತಿದ್ದ ಮೀನನ್ನು ಈಗ ಕೊಂಡು ತರಬೇಕು. ಮನೆಯ ಕುಚ್ಚಲಕ್ಕಿ ಹೋಗಿ ಅಂಗಡಿಯ ಬಿಳಿ ಅಕ್ಕಿ ಬಂತು. ಕಾಲನಿಯ ತಿರುವಿನಲ್ಲಿ ಬೇಕರಿಯೂ ಬಂತು. ಎರಡು ಮೂರು ವರ್ಷದಲ್ಲಿ ಅವರಿಗೆ ಹೊಟ್ಟೆ ಬಂತು. ನೌಕಾನೆಲೆಯವರು ನನಗೆ ಕೊಟ್ಟ ಜಾಗ ಇದು ಅಕ್ಕೋರೆ ಎಂದು ಹೊಟ್ಟೆ ತಟ್ಟಿಕೊಂಡು ನಗುತ್ತಿದ್ದರು. ಆ ಕಾಲನಿಯಲ್ಲಿ ಸಕ್ಕರೆ ಕಾಯಿಲೆ ಮನೆಮನೆ ಹೊಕ್ಕಿತು. ಇವರ ಮನೆಯನ್ನೂ ಬಿಡಲಿಲ್ಲ.

ರಕ್ತ ನೋಡಿದ ಡಾಕ್ಟರು ಮುಖ ನೋಡದೆ ಚೀಟಿ ಬರೆಯುವ ಪೈಕಿ. ಸಿಹಿ ಬಿಡಿ, ಊಟದಲ್ಲಿ ಹುಷಾರಿರಲಿ, ಮಾತ್ರೆ ತಪ್ಪಿಸಬೇಡಿ, ಹೋಗಿ ಬನ್ನಿ. ಮುಗಿಯಿತು. ಹುಷಾರು ಅಂದರೆ ಹೇಗೆ, ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬುದನ್ನು ಹೇಳಲಿಕ್ಕೆ ಅವರಿಗೆ ಪುರುಸೊತ್ತು ಇರಲಿಲ್ಲ. ಅದನ್ನು ಮನೆಯವರು ತೀರ್ಮಾನ ಮಾಡಿದರು. ನಮ್ಮ ಕರಾವಳಿಯಲ್ಲಿ ಯಾವ ಕಾಯಿಲೆ ಬಂದರೂ ಕ್ರಮ ಒಂದೇ: ಗಂಜಿ ಹಾಕುವುದು, ಮೀನು ನಿಲ್ಲಿಸುವುದು. ಜ್ವರಕ್ಕೂ ಗಂಜಿ, ಕೆಮ್ಮಿಗೂ ಗಂಜಿ. ಮೀನು ನಂಜು. ಹಾಗಾಗಿ ಸಕ್ಕರೆ ಕಾಯಿಲೆಗೂ ಅದೇ ಆಯಿತು. ಅವರ ಹೆಂಡತಿ ಬೆಳಂಬಾರದವಳು, ನಾನು ವೈನಿ ಎಂದು ಕರೆಯುತ್ತಿದ್ದೆ. ಗಂಡ ಅಂದರೆ ಜೀವ ಬಿಡುವವಳು. ಕುಚ್ಚಲಕ್ಕಿ ರೋಗಿಗೆ ಜಡ ಎಂದು ಹಿರಿಯರು ಹೇಳಿದ್ದರಿಂದ ಬಿಳಿ ಅಕ್ಕಿಯನ್ನೇ ಮೆತ್ತಗೆ ಬೇಯಿಸಿ, ದಿನಕ್ಕೆ ನಾಲ್ಕು ಹೊತ್ತು ಬಿಸಿಬಿಸಿ ಗಂಜಿ ಬಡಿಸತೊಡಗಿದಳು. ಜೊತೆಗೆ ಮಿಡಿ ಉಪ್ಪಿನಕಾಯಿ. ನಡುವೆ ಹಸಿವಾದರೆ ಬೇಕರಿಯ ಸಪ್ಪೆ ಬಿಸ್ಕಿಟು.

ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದ ಮನುಷ್ಯ ಈ ಒಂದು ವಿಷಯದಲ್ಲಿ ಯಾಕೆ ಅಷ್ಟು ವಿಧೇಯರಾದರೋ! ಸಿಟ್ಟು ಬರುತ್ತದೆ ನನಗೆ ಈಗಲೂ. ಸ್ಟೀಲಿನ ಡಬ್ಬಿ ಹೋಗಿ ಗಂಜಿಯ ಥರ್ಮಾಸು ಬಂತು. ಸಂಸ್ಕೃತ ಮಾಸ್ತರು ಕಿಟಕಿಯಿಂದ ಕುರ್ಚಿ ಎತ್ತಿಕೊಂಡು ನಮ್ಮ ಮೇಜಿಗೆ ವಾಪಸು ಬಂದರು. ಒಳ್ಳೆಯದು ಮಾಡಿದಿರಿ, ಸಾತ್ವಿಕ ಆಹಾರಕ್ಕೆ ಬಂದಿರಿ, ಇನ್ನು ನೂರು ವರ್ಷ ಎಂದು ಬೆನ್ನು ತಟ್ಟಿದರು. ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಎದುರಿಗೇ ಹೊಗಳಿದರು. ಬಂಗುಡೆ ತಿಂದು ಕಟ್ಟುಮಸ್ತಾಗಿದ್ದಾಗ ಹತ್ತಿರ ಕೂರದವರು, ಗಂಜಿ ಕುಡಿದು ಇಳಿದುಹೋಗುವಾಗ ಬಂದು ಬೆನ್ನು ತಟ್ಟಿದರು. ಮೀನು ಬಿಟ್ಟದ್ದು ಔಷಧಕ್ಕೋ ಅಥವಾ ಇವರ ಮೂಗಿಗೋ ಎಂದು ನಾನೊಮ್ಮೆ ಕೇಳಿಯೇಬಿಟ್ಟೆ.

ಆರು ತಿಂಗಳಿಗೊಮ್ಮೆ ರಕ್ತ ನೋಡಿಸಿದರೆ ಸಕ್ಕರೆ ಏರಿಯೇ ಇರುತ್ತಿತ್ತು. ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿ, ಬಾಯಿ ಕಟ್ಟಬೇಕು ಮಾಸ್ತರೆ, ನೀವೇ ಹೀಗಾದರೆ ಹೇಗೆ ಎಂದು ಗದರಿಸಿ ಕಳಿಸುತ್ತಿದ್ದರು. ಕದ್ದು ತಿನ್ನುತ್ತಾರೆ ಎಂಬ ಅನುಮಾನ ಅವರದ್ದು. ಒಂದು ದಿನ ಹಾಗೆ ಬೈಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತರು. ಥರ್ಮಾಸಿನ ಮುಚ್ಚಳ ತಿರುಗಿಸಿದರು, ತೆರೆಯದೆ ಮತ್ತೆ ಬಿಗಿದಿಟ್ಟರು.

"ಇನ್ನೂ ಎಂತ ಕಟ್ಟೂದು ಅಕ್ಕೋರೆ? ಉಳಿದದ್ದು ಗಂಜಿ ಒಂದೇ."

ಮರುದಿನದಿಂದ ಉಪ್ಪಿನಕಾಯಿಯನ್ನೂ ಬಿಟ್ಟರು. ಬಿಡಲಿಕ್ಕೆ ಬೇರೆ ಏನೂ ಇರಲಿಲ್ಲ.

ಮೂರನೆಯ ವರ್ಷ ತಾಲೂಕು ಕ್ರೀಡಾಕೂಟಕ್ಕೆ ಮಕ್ಕಳನ್ನು ತಯಾರಿ ಮಾಡುವಾಗ ಹೊಯಿಗೆಯಲ್ಲಿ ಹುಗಿದಿದ್ದ ಚಿಪ್ಪೊಂದು ಅವರ ಅಂಗಾಲನ್ನು ಕೊಯ್ದಿತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ರಕ್ತದ ಹೆಜ್ಜೆ ನೋಡಿ ಹುಡುಗಿಯರು ಕೂಗಿಕೊಂಡ ಮೇಲೆ ಕಾಲೆತ್ತಿ ನೋಡಿದರು. ನೋವೇ ಇಲ್ಲ ನೋಡಿ, ಎಂಥ ಗಟ್ಟಿ ಚರ್ಮ ಎಂದು ಹೆಮ್ಮೆಪಟ್ಟರು. ನೋವು ಗೊತ್ತಾಗದಿರುವುದೇ ಕಾಯಿಲೆ ಎಂದು ಆಗ ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ಗಾಯ ಮಾಯಲಿಲ್ಲ. ಮನೆಯಲ್ಲಿ ಮೀನಿನ ವಾಸನೆಯೂ ಬರಬಾರದೆಂದು ವೈನಿ ತಾನೂ ತಿನ್ನುವುದನ್ನು ನಿಲ್ಲಿಸಿದಳು. ಶಕ್ತಿ ಬರಲೆಂದು ಇನ್ನೊಂದು ಹೊತ್ತು ಗಂಜಿ ಹೆಚ್ಚಿಸಿದಳು. ಹೆಬ್ಬೆರಳು ಕಪ್ಪಾಯಿತು, ಆಮೇಲೆ ಅದರ ಪಕ್ಕದ್ದು. ಇಲ್ಲಿನವರು ಕೈಚೆಲ್ಲಿದ ಮೇಲೆ ಗೋವಾಕ್ಕೆ ಕರೆದುಕೊಂಡು ಹೋದೆವು. ಮಡಗಾಂವಿನಲ್ಲಿ ನನ್ನ ಅಕ್ಕನ ಮನೆ ಇರುವುದರಿಂದ ನಾನೂ ಹೋದೆ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗಿನಿಂದ ಕತ್ತರಿಸಿದರು. ಯಾವ ಅಂಗಡಿಯ ಬೂಟಿಗೂ ಹೊಂದದ ಪಾದ ಅದು. ಎಲ್ಲಿ ಬಿಸಾಡಿದರೋ.

ಒಂದು ವಾರದ ಮೇಲೆ ಊಟದ ವಿಷಯ ಮಾತಾಡುವ ಚಿಕ್ಕ ಪ್ರಾಯದ ಡಾಕ್ಟರಮ್ಮ ಒಬ್ಬಳು ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತಳು. ವೈನಿ ಔಷಧ ತರಲು ಹೋಗಿದ್ದಳು. ಡಾಕ್ಟರಮ್ಮ ಕೊಂಕಣಿಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ, ಬೆಳಿಗ್ಗೆ ಎದ್ದಾಗಿನಿಂದ ಏನೇನು ತಿನ್ನುತ್ತೀರಿ ಎಂದು. ಮಾಸ್ತರು ನನ್ನ ಮುಖ ನೋಡಿದರು. ಅದು ಅವರದೇ ಪ್ರಶ್ನೆ. ಇಷ್ಟು ವರ್ಷ ಸಾಲಿನಲ್ಲಿ ನಿಂತ ಎಲ್ಲ ಮಕ್ಕಳನ್ನೂ ಕೇಳಿದ್ದು. ಅವರನ್ನು ಯಾರೂ ಕೇಳಿರಲಿಲ್ಲ.

ಒಪ್ಪಿಸಿದರು. ಗಂಜಿ, ಬಿಸ್ಕಿಟು, ಗಂಜಿ, ಗಂಜಿ, ಟೋಸ್ಟು, ಗಂಜಿ, ಗಂಜಿ. ಮೀನು ಎಂದು ಅವಳು ಕೇಳಿದಾಗ, ಮೂರು ವರ್ಷದಿಂದ ಮುಟ್ಟಿಲ್ಲ ಎಂದರು, ಬಹುಮಾನ ಗೆದ್ದವರ ಹಾಗೆ. ಅವಳು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟಳು. ಬಿಡಲಿಕ್ಕೆ ಯಾರು ಹೇಳಿದ್ದು ಎಂದು ಕೇಳಿದಳು. ಮಾಸ್ತರು ಯೋಚನೆ ಮಾಡಿದರು. ಯಾವ ಡಾಕ್ಟರೂ ಹೇಳಿರಲಿಲ್ಲ.

ಆಮೇಲೆ ಅವಳು ನಿಧಾನವಾಗಿ ತಿಳಿಸಿ ಹೇಳಿದಳು. ಮೆತ್ತಗೆ ಬೆಂದ ಬಿಳಿ ಅಕ್ಕಿ ಹೊಟ್ಟೆಗೆ ಹೋದ ಸ್ವಲ್ಪ ಹೊತ್ತಿಗೇ ರಕ್ತದಲ್ಲಿ ಸಕ್ಕರೆಯಾಗುತ್ತದೆ. ನಾಲ್ಕೈದು ಹೊತ್ತು ಬರೀ ಅದನ್ನೇ ಉಂಡರೆ ಮಾತ್ರೆ ಏನು ಮಾಡೀತು? ಮೀನು ನಿಮ್ಮ ಶತ್ರು ಅಲ್ಲ, ಗಾಯ ಮಾಯಲಿಕ್ಕೂ ಅಂಥದ್ದೇ ಬೇಕು. ಅನ್ನ ಸ್ವಲ್ಪ, ಸೊಪ್ಪು ಹೆಚ್ಚು, ಸಾರಿನ ಮೀನು ದಿನಾ ತಿನ್ನಿ, ಕರಿದದ್ದು ಬೇಡ, ಒಣಮೀನಿನ ಉಪ್ಪು ಬೇಡ. ಕಾಲು ಹೋದದ್ದು ಇದೊಂದರಿಂದಲೇ ಎಂದು ಹೇಳಲಾರೆ ಎಂದೂ ಅಂದಳು, ಒಳ್ಳೆಯವಳು. ಅಂದರೆ ಮಾಸ್ತರು ಹಳೆಯ ಡಬ್ಬಿಯಲ್ಲಿ ತರುತ್ತಿದ್ದ ಊಟವನ್ನೇ, ಅನ್ನ ಕಡಿಮೆ ಮಾಡಿ, ವಾಪಸು ಬರೆದುಕೊಟ್ಟಳು.

ಅವಳು ಹೋದ ಮೇಲೆ ಮಾಸ್ತರು ಹೊದಿಕೆ ಚಪ್ಪಟೆಯಾಗಿ ಬಿದ್ದಿದ್ದ ಜಾಗವನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ವೈನಿಯ ಚಪ್ಪಲಿಯ ಸದ್ದಾಯಿತು. ಅವಸರದಲ್ಲಿ ನನ್ನ ಕೈ ಹಿಡಿದರು.

"ಇವಳಿಗೆ ಹೇಳ್ಬೇಡಿ ಅಕ್ಕೋರೆ. ದಿನಾ ಅವಳೇ ಕೈಯಾರೆ ಬಡ್ಸಿದ್ದು."

ಆಯ್ತು ಎಂದೆ.

ಊರಿಗೆ ಬಂದವರು ಹೆಂಡತಿಗೆ ಹೇಳಿದ್ದು ಬೇರೆ. ಹೋಗೂ ಕಾಲು ಹೋಯ್ತು, ಇನ್ನು ಬಾಯಿ ಕಟ್ಟಿ ಎಂತ ಮಾಡೂದು, ಮೀನು ಮಾಡು ಎಂದರು. ವೈನಿ ಅತ್ತಳು, ಜಗಳ ಆಡಿದಳು, ಬೆಳಂಬಾರದಿಂದ ತಾಯಿಯನ್ನು ಕರೆಸಿ ಬುದ್ಧಿ ಹೇಳಿಸಿದಳು. ಕೊನೆಗೆ ಮಾಡಿ ಹಾಕಿದಳು. ಸಕ್ಕರೆ ಇಳಿಯಿತು. ಗೋವಾದ ಇಂಜೆಕ್ಷನ್ನು ಒಳ್ಳೆಯದು ಅಂದಳು ಅವಳು. ಹೌದು ಹೌದು ಅಂದರು ಇವರು. ಅವಳ ಸಮಾಧಾನಕ್ಕೆ ರಾತ್ರಿ ಊಟದ ಜೊತೆಗೆ ಚಿಕ್ಕ ಬಟ್ಟಲಲ್ಲಿ ಒಂದಿಷ್ಟು ಗಂಜಿಯನ್ನೂ ಇಸಿದುಕೊಂಡು ಉಣ್ಣುತ್ತಿದ್ದರು. ಊರಿಗೆ ಇದೆಲ್ಲ ಯಾಕೆ ಬೇಕು? ಕಾಲು ಕತ್ತರಿಸಿದರೂ ನಾಲಿಗೆ ಸುಮ್ಮನಿಲ್ಲ ನೋಡು ಎಂದು ಆಡಿಕೊಂಡಿತು. ಸಂಸ್ಕೃತ ಮಾಸ್ತರ ಕುರ್ಚಿ ಮತ್ತೆ ಕಿಟಕಿಗೆ ಹೋಯಿತು.

ಕೃತಕ ಕಾಲು ಹಾಕಿಕೊಂಡು ಮೈದಾನದ ಅಂಚಿನಲ್ಲಿ ಕುರ್ಚಿಯ ಮೇಲೆ ಕೂತು ಸೀಟಿ ಊದುತ್ತಿದ್ದರು. ಮಕ್ಕಳೇ ಒಬ್ಬೊಬ್ಬರಾಗಿ ಅವರ ಮುಂದೆ ಬಂದು ಏನು ತಿಂದೆವೆಂದು ಹೇಳಿ ಹೋಗುತ್ತಿದ್ದರು. ಹಾಗೆ ಒಂದೂವರೆ ವರ್ಷ ನಡೆಯಿತು. ಒಂದು ಬೆಳಿಗ್ಗೆ ಶಾಲೆಗೆ ಹೊರಡಲು ಕಾಲಿನ ಪಟ್ಟಿ ಬಿಗಿಯುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಹೃದಯ. ಸಕ್ಕರೆ ಹಿಂದೆಯೇ ಒಳಗೆಲ್ಲ ಕೊರೆದಿಟ್ಟಿತ್ತು ಎಂದರು ಡಾಕ್ಟರು. ಹಿಂದಿನ ರಾತ್ರಿ ಬಂಗುಡೆ ಸಾರು ಉಂಡಿದ್ದರು ಎಂದಿತು ಊರು.

ಸಂತಾಪ ಸಭೆಯಿಂದ ಎದ್ದು ಬಂದ ಮೇಲೆ ಒಂದು ತಿಂಗಳು ನಾನು ಆ ಕಾಲನಿಯ ಕಡೆ ಹೋಗಲಿಲ್ಲ. ಹೋದ ದಿನ ಮಧ್ಯಾಹ್ನ ವೈನಿ ಒಬ್ಬಳೇ ಅಡುಗೆಮನೆಯಲ್ಲಿ ಕೂತಿದ್ದಳು. ಇಳಿದುಹೋಗಿದ್ದಳು. ಕುಮಟೆಯಿಂದ ಮಗಳು ಬಂದು ರಕ್ತ ನೋಡಿಸಿದಳಂತೆ, ಅವರದ್ದೇ ಕಾಯಿಲೆ ಇವಳಿಗೂ ಬಂದಿದೆಯಂತೆ. ಅದನ್ನು ಹೇಳುವಾಗ ಹೆದರಿಕೆ ಇರಲಿಲ್ಲ ಅವಳ ಮುಖದಲ್ಲಿ. ಎದುರಿಗೆ ಬಟ್ಟಲಿತ್ತು.

"ಎಂತ ಉಣ್ತಾ ಇದ್ದೀರಿ ವೈನಿ?" ಎಂದು ಕೇಳಿದೆ. ಬಟ್ಟಲು ಕಾಣುತ್ತಿತ್ತು, ಆದರೂ ಕೇಳಿದೆ.

"ಗಂಜಿ. ಮೀನು ಮನೆಗೇ ತರೂದಿಲ್ಲ. ಅವ್ರಿಗೆ ತಡೀಲಿಕ್ಕೆ ಆಗ್ಲಿಲ್ಲ ಅಕ್ಕೋರೆ, ಮೀನು ತಿಂದು ಹೋದ್ರು. ನಾ ಬಾಯಿ ಕಟ್ಟೇ ಇರ್ತೆ."

ಬಿಳಿ ಅಕ್ಕಿ, ಮೆತ್ತಗೆ ಬೆಂದದ್ದು. ಪಕ್ಕದಲ್ಲಿ ಸಪ್ಪೆ ಬಿಸ್ಕಿಟಿನ ಪೊಟ್ಟಣ. ಅವಳು ಕಾಲು ಚಾಚಿ ಕೂತಿದ್ದಳು, ಎರಡೂ ಪಾದ ನನ್ನ ಕಣ್ಣೆದುರಿಗೇ ಇದ್ದವು. ಸತ್ತವರಿಗೆ ಕೊಟ್ಟ ಮಾತು ದೊಡ್ಡದಿರಬಹುದು. ಆ ಮಾತು ಉಳಿಸಿಕೊಂಡು ಇನ್ನೊಂದು ಸಲ ಗೋವಾಕ್ಕೆ ಹೋಗುವ ಶಕ್ತಿ ನನಗಿರಲಿಲ್ಲ. ಹೇಳಿದೆ. ಡಾಕ್ಟರಮ್ಮ ಕೇಳಿದ್ದು, ಪೆನ್ನು ಕೆಳಗಿಟ್ಟದ್ದು, ಮೀನು ತಿನ್ನಲು ಹೇಳಿದ್ದು, ಗಂಜಿಯ ಬಗ್ಗೆ ಹೇಳಿದ್ದು, ಎಲ್ಲ. ತಪ್ಪು ನಿಮ್ಮದಲ್ಲ, ಕೇಳಬೇಕಾದವರು ಕೇಳಲಿಲ್ಲ, ಹೇಳಬೇಕಾದವರು ಹೇಳಲಿಲ್ಲ ಎಂದೂ ಹೇಳಿದೆ. ಅದು ಅವಳಿಗೆ ಕೇಳಿಸಿತೋ ಇಲ್ಲವೋ.

ಅವಳು ಬಟ್ಟಲನ್ನೇ ನೋಡುತ್ತ ಕೂತಿದ್ದಳು.

"ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ದಿನಾ ರಾತ್ರಿ ನನ್ನ ಕೈಲಿ ಗಂಜಿ ಇಸ್ಕಂಡು ಉಂಡ್ರಾ?"

ಹೌದು ಎಂದೆ. ಅವಳು ಅಳಲಿಲ್ಲ. ಬಟ್ಟಲನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಚೆಲ್ಲಿ, ತೊಳೆದು, ಮಗುಚಿ ಇಟ್ಟಳು. ಇನ್ನು ನೀವು ಹೋಗಿ ಎಂದಳು. ಬಾಗಿಲ ತನಕವೂ ಬರಲಿಲ್ಲ.

ಅದಾದ ಮೇಲೆ ಅವಳು ನನ್ನ ಜೊತೆ ಮಾತಾಡಿಲ್ಲ. ಎರಡು ಸಲ ಕಾಲನಿಗೆ ಹೋದೆ, ಕದ ತೆರೆಯಲಿಲ್ಲ. ಅಂಕೋಲೆಯ ಮೀನು ಮಾರ್ಕೆಟ್ಟಿನಲ್ಲಿ ಒಮ್ಮೊಮ್ಮೆ ಎದುರಾಗುತ್ತಾಳೆ. ಕಂಡಕೂಡಲೇ ಮುಖ ತಿರುಗಿಸಿ, ಮೀನು ಮಾರುವ ಹೆಂಗಸರ ಸಾಲು ದಾಟಿ ಆಚೆ ಹೋಗಿಬಿಡುತ್ತಾಳೆ. ಎರಡು ಕಾಲಲ್ಲಿ ಗಟ್ಟಿಯಾಗಿ ನಡೆಯುತ್ತಾಳೆ. ಕೈಚೀಲದಲ್ಲಿ ಮೀನು ಇರುತ್ತದೆ.